ಹಳ್ಳಿಯ ನಿಧಿಯೂ ಹಳ್ಳಿಯವರ ಹೊಣೆಯೂ

ಬರಗಾಲ ಬಂದಾಗ ಉದಾರಿಗಳು ಹಣ ಕೂಡಿಸಿ ಬಡವರಿಗೆ ಹಂಚುವುದು ಎಲ್ಲಾ ದೇಶಗಳಲ್ಲಿಯೂ ಇರುವ ಪದ್ಧತಿಯೇ. ಆದರೆ ಹಂಚಿದ ಹಣವು ಅಲ್ಲಿಗೇ ತೀರುವುದು. ಮರುವರ್ಷ ರೈತನು ಬೀಜಕ್ಕೂ ಎತ್ತಿಗೂ ಪುನಃ ಸಾಹುಕಾರನ ಬಾಗಿಲಿಗೇ ಹೋಗುವನು. ಒಮ್ಮೆ ಕೂಡಿದ ನಿಧಿಯು ಊರಿನಲ್ಲಿಯೇ ನಿಲ್ಲಬೇಕಾದರೆ ಏನು ಮಾಡತಕ್ಕದ್ದೆಂಬುದನ್ನು ಜರ್ಮನಿ ದೇಶದ ಒಬ್ಬ ಗ್ರಾಮಾಧಿಕಾರಿಯ ಅನುಭವದಿಂದ ತಿಳಿಯಬಹುದು.

ರೈಫೈಸನ್ ಎಂಬವರು 1845ನೇ ಇಸವಿಯಲ್ಲಿ ವೆಯರ್‌ಬುಷ್ ಪ್ರಾಂತದ ಹಳ್ಳಿಗಳಿಗೆ ಮುಖ್ಯಾಧಿಕಾರಿಗಳಾದರು. 1846-47ರ ಚಳಿಗಾಲದಲ್ಲಿ ಕ್ಷಾಮವುಂಟಾಗಲು, ಅನುಕೂಲಸ್ಥರಿಂದ ಹಣವೆತ್ತಿ ಧಾನ್ಯ ತರಿಸಿ, ಊರೊಟ್ಟಿನ ಒಲೆಯಲ್ಲಿ ರೊಟ್ಟಿ ಸುಡಿಸಿ, ಬಡವರಿಗೆ ಕಡಮೆ ಬೆಲೆಗೆ ಕೊಡಿಸಿದರು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿ ಸುಮಾರು 60 ಮಂದಿ ಸ್ಥಿತಿವಂತರನ್ನು ಹೊಣೆ ನಿಲ್ಲಿಸಿ, ದನಗಳನ್ನು ಕೊಂಡು ರೈತರಿಗೆ ಕೊಟ್ಟು, ಬೆಲೆಯನ್ನು 5 ವರ್ಷಗಳ ಕಂತುಗಳಲ್ಲಿ ತೀರಿಸಿಕೊಳ್ಳುವ ಏರ್ಪಾಡು ಮಾಡಿದರು.

ಈ ಸಂಘಗಳಿಂದ ಉಪಕಾರವಾಯಿತಾದರೂ ಒಂದು ಕೊರತೆಯಿದ್ದಿತು. ಹೊಣೆಯೆಲ್ಲವೂ ಕೊಡುವವರದು, ತೆಗೆದುಕೊಳ್ಳುವವರಿಗೆ ಸಂಘದಲ್ಲಿ ಪಾಲೂ ಇಲ್ಲ, ಮಾತೂ ಇಲ್ಲ. ಕಾಲಕ್ರಮದಲ್ಲಿ ಸ್ಥಿತಿವಂತರ ಉತ್ಸಾಹವು ಕುಗ್ಗಿತು. ಆದುದರಿಂದ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಏರ್ಪಟ್ಟ ಸಂಘದಲ್ಲಿ ಸಾಲ ಪಡೆಯುವವನೂ ಸದಸ್ಯನಾಗಿ ಹೊಣೆ ಹೊರತಕ್ಕದ್ದೆಂದು ನಿಯಮವಾಯಿತು. ಈ ಬಗೆಯ ಸಂಘಗಳ ಮುಖ್ಯ ನಿಯಮಗಳು ಯಾವುವೆಂದರೆ:

1. ಸಂಘದ ಎಲ್ಲೆ ಚಿಕ್ಕದಾಗಿರಬೇಕು; ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು.
2. ಉತ್ಪತ್ತಿ ತರುವ ಕೆಲಸಕ್ಕೆ ಮಾತ್ರ ಸಾಲ ಕೊಡಬೇಕು.
3. ಆಡಳಿತ ನಡೆಸುವವರು ಸಂಬಳವಿಲ್ಲದೆ ದುಡಿಯಬೇಕು.
4. ಲಾಭವನ್ನು ಹಂಚಿಕೊಳ್ಳದೆ ಆಪದ್ಧನವಾಗಿ ಕೂಡಿಡಬೇಕು.

ಮದರಾಸು ಸರ್ಕಾರದ ಅಪ್ಪಣೆಯಂತೆ ಫ್ರೆಡರಿಕ್ ನಿಕಲ್ಸನ್ ಅವರು 1895 ಮತ್ತು 1897ರಲ್ಲಿ ಒಪ್ಪಿಸಿದ ವರದಿಯು ಈ ಮಾದರಿಯನ್ನೇ ಎತ್ತಿಹಿಡಿಯಿತು. ಹಿಂದೂಸ್ಥಾನದಲ್ಲಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದಿತು. ಮರುವರ್ಷವೇ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಂಘವು ಹುಟ್ಟಿತು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಇದು ಸೇರಿರುವುದು ಕನ್ನಡಿಗರಿಗೆ ಹೆಮ್ಮೆಯ ವಿಷಯವು.

1912ರ ಕಾನೂನು ಇನ್ನೂ ಮುಂದೆ ಹೋಯಿತು. ಸಾಲವಲ್ಲದೆ ಕೊಳ್ಳುವಿಕೆ, ಮಾರಾಟ, ತಯಾರಿಕೆಗಳಿಗೂ ಸಂಘ ಕಟ್ಟಲು ಅವಕಾಶವಾಗಿ, ನೇಕಾರರೇ ಮೊದಲಾದ ಸಣ್ಣ ಕಸಬುದಾರರಿಗೆ ದಾರಿ ತೆರೆಯಿತು. ನಿವ್ವಳ ಲಾಭದ ನಾಲ್ಕನೆಯ ಒಂದು ಭಾಗವನ್ನು ಆಪದ್ಧನಕ್ಕೆ ಸೇರಿಸಿದ ಮೇಲೆ, ಉಳಿದುದರಲ್ಲಿ ನೂರಕ್ಕೆ 10ರವರೆಗೆ ವಿದ್ಯೆ, ವೈದ್ಯ, ಬಡವರ ಸಹಾಯ ಮುಂತಾದ ಧರ್ಮಕಾರ್ಯಗಳಿಗೆ ಕೊಡಬಹುದೆಂದು ಆ ಕಾನೂನು ವಿಧಿಸಿತು. ಹೀಗೆ ಊರಿನ ವ್ಯವಹಾರವೇ ಊರಿನ ಧರ್ಮಕ್ಕೆ ಮೂಲವಾಯಿತು.

ಗ್ರಾಮದ ಮುಖಂಡರೂ ಜಮೀನುದಾರರೂ ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ನಿಧಿಗೆ ಮೊದಲು ಹಣ ಹಾಕುವವರು ಅವರೇ ಆಗಬಹುದು. ಆದರೆ ನಿಧಿಯು ಅವರೊಬ್ಬರದೇ ಆಗಿ ಉಳಿಯಲಾಗದು. ಲೆಕ್ಕವನ್ನು ಸಭೆಯಲ್ಲಿ ಎಲ್ಲರ ಮುಂದೆ ಓದಿಸಬೇಕು. ನೆಂಟನೆಂದು ವಾಯಿದೆ ಮೀರಿದ ಸಾಲವನ್ನು ಸುಮ್ಮನೆ ಬಿಡಬಾರದು. ಬಡವನೆಂದು ಯೋಗ್ಯನಿಗೆ ಸಾಲ ನಿರಾಕರಿಸಲೂಬಾರದು. ದೊಡ್ಡವರ ಬಾಕಿಯೇ ವಸೂಲಾಗದ ಸಂಘದಲ್ಲಿ ಚಿಕ್ಕವರು ಕಂತು ಕಟ್ಟುವರೆಂದು ನಿರೀಕ್ಷಿಸುವುದು ವ್ಯರ್ಥವು. ಮುಖಂಡನು ತನ್ನ ಕಂತನ್ನು ಮೊದಲು ಕಟ್ಟಿದಲ್ಲಿ, ಊರಿನ ನಿಧಿಗೆ ಅದಕ್ಕಿಂತ ಬಲವಾದ ಜಾಮೀನು ಬೇರೊಂದಿಲ್ಲ.