ಕಾಟ್ಲಿನ್‌ನಲ್ಲಿ ಕ್ವೆರಿ ಡಿಎಸ್‌ಎಲ್ ಕಟ್ಟುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಓದಲು ಸಲೀಸಾಗಿದ್ದು ತಪ್ಪು ವಾಕ್ಯವನ್ನೂ ಕಂಪೈಲ್ ಆಗಲು ಬಿಡುವ ಡಿಎಸ್‌ಎಲ್, ಷರತ್ತಿಲ್ಲದ ಡಿಲೀಟನ್ನೂ ಬಿಡುತ್ತದೆ. ಟೇಬಲ್ ಖಾಲಿಯಾಗುತ್ತದೆ. ಕೊನೆಯ ಬ್ಯಾಕಪ್ ಆದಮೇಲಿನದ್ದೆಲ್ಲ ಹೋಯಿತೆಂದೇ ಲೆಕ್ಕ.

ಮಾಡಬೇಕಾದ್ದು

• ಬಳಸುವವರು ಬರೆಯಲಿರುವ ವಾಕ್ಯಗಳನ್ನು ಮೊದಲು ಬರೆದಿಡಿ. ಟೈಪುಗಳು ಆಮೇಲೆ.

• ಬರೆಯಲೇಬಾರದ ವಾಕ್ಯಗಳನ್ನೂ ಪಟ್ಟಿ ಮಾಡಿ. ಅವು ಕಂಪೈಲ್ ಆಗುವುದಿಲ್ಲ ಎಂದು ತೋರಿಸುವ ಟೆಸ್ಟ್ ಹಾಕಿ.

• ಪ್ರತಿ ಹೆಜ್ಜೆಗೂ ಬೇರೆ ಟೈಪ್ ಕೊಡಿ. 'ಡಿಲೀಟ್' ಕೊಡುವ ಟೈಪಿನಲ್ಲಿ 'ವೇರ್' ಒಂದೇ ಇರಲಿ. 'ರನ್' ಇರುವುದು 'ವೇರ್' ಕೊಡುವ ಟೈಪಿನಲ್ಲಿ. ಷರತ್ತು ಮರೆತವರಿಗೆ 'ರನ್' ಕಾಣಲೇಕೂಡದು.

• ಇಡೀ ಟೇಬಲ್ ಅಳಿಸುವ ಫಂಕ್ಷನ್‌ಗೆ ಬೇರೆಯೇ ಹೆಸರಿಡಿ. ಎಕ್ಸ್‌ಪೋಸ್ಡ್ ಎಂಬ ಕಾಟ್ಲಿನ್ ಡೇಟಾಬೇಸ್ ಲೈಬ್ರರಿಯಲ್ಲಿ 'ಡಿಲೀಟ್‌ವೇರ್' ಬೇರೆ, 'ಡಿಲೀಟ್‌ಆಲ್' ಬೇರೆ.

• ಡಿಎಸ್‌ಎಲ್‌ಮಾರ್ಕರ್ ಬಳಸಿ ನಿಮ್ಮದೇ ಆ್ಯನೊಟೇಷನ್ ಮಾಡಿ, ಎಲ್ಲ ಬಿಲ್ಡರ್ ಕ್ಲಾಸುಗಳಿಗೂ ಹಚ್ಚಿ. ಅದಿಲ್ಲದಿದ್ದರೆ ಒಳಗಿನ ಬ್ಲಾಕಿನಲ್ಲಿ ನಿಂತು ಹೊರಗಿನ ಬ್ಲಾಕಿನ ಫಂಕ್ಷನ್ ಕರೆದರೂ ಕಂಪೈಲರ್ ತುಟಿ ಪಿಟಕ್ ಎನ್ನುವುದಿಲ್ಲ. 2017ರ ಕಾಟ್ಲಿನ್ 1.1ರಿಂದಲೂ ಇರುವ ಸೌಲಭ್ಯ, ನೆಪ ಹೇಳುವಂತಿಲ್ಲ.

• ಗ್ರಾಹಕ ಸಂಖ್ಯೆ, ಆರ್ಡರ್ ಸಂಖ್ಯೆಗಳನ್ನು ಬೇರೆ ಬೇರೆ ವ್ಯಾಲ್ಯೂ ಕ್ಲಾಸ್ ಮಾಡಿ.

• ಬಳಕೆದಾರರಿಂದ ಬಂದ ಮೌಲ್ಯವನ್ನು ಬೈಂಡ್ ಪ್ಯಾರಾಮೀಟರ್ ಆಗಿಯೇ ಕಳಿಸಿ.

ಮಾಡಬಾರದ್ದು

• ಇನ್‌ಫಿಕ್ಸ್ ಸರಣಿಯನ್ನು ಬ್ರಾಕೆಟ್ ಇಲ್ಲದೆ ಬರೆಯಬಾರದು. ಹೆಸರಿರುವ ಇನ್‌ಫಿಕ್ಸ್ ಫಂಕ್ಷನ್‌ಗಳಿಗೆಲ್ಲ ಒಂದೇ ಆದ್ಯತೆ. ಎಡದಿಂದ ಬಲಕ್ಕೆ ಸಾಗುತ್ತವೆ. 'ವಿಭಾಗ ಈಕ್ಯೂ 5 ಆ್ಯಂಡ್ ಸಕ್ರಿಯ ಈಕ್ಯೂ ಫಾಲ್ಸ್' ಎಂದು ಬರೆದವರ ಮನಸ್ಸಿನಲ್ಲಿರುವುದು ಐದನೇ ವಿಭಾಗದ ನಿಷ್ಕ್ರಿಯ ಖಾತೆಗಳು. ಕಂಪೈಲರ್ ಓದುವುದು '((ವಿಭಾಗ ಈಕ್ಯೂ 5) ಆ್ಯಂಡ್ ಸಕ್ರಿಯ) ಈಕ್ಯೂ ಫಾಲ್ಸ್' ಎಂದು. ಡಿಲೀಟ್‌ನಲ್ಲಿ ಇದು ಬಂದರೆ ಉಳಿದೆಲ್ಲ ವಿಭಾಗಗಳ ಖಾತೆಗಳೂ ಹೋಗುತ್ತವೆ.

• ಷರತ್ತಿನ ಮೇಲೆ ಮತ್ತೆ 'ಈಕ್ಯೂ' ಕರೆಯಲು ಅವಕಾಶ ಬೇಡ. ಮೇಲಿನ ಅನಾಹುತಕ್ಕೆ ಬಾಗಿಲು ಇದೇ.

• ಬರೀ ಬೂಲಿಯನ್ ಕಾಲಮನ್ನು 'ಆ್ಯಂಡ್' ಒಪ್ಪುವುದೂ ಬೇಡ.

• 'ವೇರ್'ಗೆ ಬೂಲಿಯನ್ ತೆಗೆದುಕೊಳ್ಳುವ ಓವರ್‌ಲೋಡ್ ಬೇಡ. ಕಾಟ್ಲಿನ್‌ನಲ್ಲಿ == ಕೊಡುವುದು ಯಾವಾಗಲೂ ಬೂಲಿಯನ್; ಅದನ್ನು ಬದಲಿಸಲಾಗದು. 'ಈಕ್ಯೂ' ಬದಲು == ಒತ್ತಿದವರನ್ನು ಕಂಪೈಲರ್ ಅಲ್ಲೇ ತಡೆಯಬೇಕು.

• ಯೂನರಿ ಪ್ಲಸ್‌ಗೆ ಅರ್ಥ ಕೊಡಬಾರದು. + ಚಿಹ್ನೆಯಿಂದ ಶುರುವಾದ ಸಾಲು ಕಾಟ್ಲಿನ್‌ಗೆ ಹೊಸ ವಾಕ್ಯ. ಮೇಲಿನ ಸಾಲಿಗೆ ಸೇರುವುದಿಲ್ಲ; ಯೂನರಿ ಪ್ಲಸ್‌ಗೆ ಅರ್ಥವಿದ್ದರೆ ಕಂಪೈಲರ್ ದೂರುವುದೂ ಇಲ್ಲ. ಎಚ್‌ಟಿಎಂಎಲ್ ಬಿಲ್ಡರ್‌ನವರು ಒಗ್ಗಿಸಿಕೊಂಡಿದ್ದಾರೆ, ಕ್ವೆರಿಗೆ ಅದು ಬೇಡ.

• ಸ್ಟ್ರಿಂಗ್, ಇಂಟ್ ಮೇಲೆ ಎಲ್ಲೆಡೆ ಕಾಣುವ ಎಕ್ಸ್‌ಟೆನ್ಷನ್ ಬೇಡ. ಬಿಲ್ಡರ್ ಕ್ಲಾಸಿನ ಒಳಗೇ ಇರಲಿ.

• ಬದಲಾಗುವ ಬಿಲ್ಡರ್ ಒಂದನ್ನು ಎರಡು ಕ್ವೆರಿಗಳಿಗೆ ಹಂಚಬಾರದು.

• ಅನ್‌ಚೆಕ್ಡ್ ಕ್ಯಾಸ್ಟ್ ಮಾಡಬಾರದು.

• ಇಂಗ್ಲಿಷ್ ವಾಕ್ಯದಂತೆ ಕಾಣಲಿ ಎಂದು ಏನೂ ಮಾಡದ ತುಂಬುಪದಗಳು ಬೇಡ.

• 'ಕಂಪೈಲ್ ಆಗಬಾರದು' ಟೆಸ್ಟ್ ಫೇಲ್ ಆದಾಗ ಅದನ್ನು ಕಾಮೆಂಟ್ ಮಾಡಿ ಮುಂದೆ ಹೋಗಬಾರದು. ರಿಲೀಸ್ ನಿಲ್ಲಿಸಿ.