ಹಳೇ ಮೇಣದ ಹಾಳೆ: ಯಾವುದು ಪೆಟ್ಟಿಗೆಗೆ, ಯಾವುದು ಬೇಡ

ಮುಲಾಮಿಗೆ ಬೇಕಾದ ಮೇಣವನ್ನು ನಾನು ಅಂಗಡಿಗಿಂತ ಜೇನು ಸಾಕುವವರಿಂದಲೇ ತರಿಸುವುದು ಹೆಚ್ಚು. ಯುನಾನಿಯಲ್ಲಿ ಮೇಣಕ್ಕೆ ಮೋಮ್ ಎನ್ನುತ್ತೇವೆ. ಅದನ್ನು ಗುಲಾಬಿ ಎಣ್ಣೆಯಲ್ಲೋ ಬಾದಾಮಿ ಎಣ್ಣೆಯಲ್ಲೋ ಕರಗಿಸಿದರೆ ಕೈರೂತಿ. ಒಣ ಚರ್ಮಕ್ಕೆ, ಒಡೆದ ಹಿಮ್ಮಡಿಗೆ ಹಚ್ಚುವಂಥದ್ದು. ತಲಕಾಡಿನ ಕಡೆಯ ಹಿರಿಯರೊಬ್ಬರು ಒಂದು ಕಟ್ಟು ಹಳೇ ಮೇಣದ ಹಾಳೆ ತಂದು, “ಹಕೀಂ ಸಾಬ್, ಮೊಮ್ಮಗ ತೆಂಗಿನ ತೋಟದಲ್ಲಿ ಮತ್ತೆ ಪೆಟ್ಟಿಗೆ ಇಡ್ತೀನಿ ಅಂತಾನೆ. ಅವನಿಗೆ ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದು ನಿಮಗೆ” ಎಂದರು. ಒಂದು ತುಂಡನ್ನು ಬಿಸಿನೀರಿನ ಮೇಲಿಟ್ಟು ಕರಗಿಸಿದೆ. ಕೋಣೆಯೆಲ್ಲ ನುಸಿ ಗುಳಿಗೆಯ ವಾಸನೆ! ಹುಳ ಹಿಡಿಯದಿರಲಿ ಎಂದು ಬಟ್ಟೆ ಬೀರುವಿನಲ್ಲಿ ಗುಳಿಗೆಯ ಜೊತೆ ವರ್ಷಗಟ್ಟಲೆ ಇಟ್ಟಿದ್ದರಂತೆ.

ಮೇಣದ ಹಾಳೆ ಎಂದರೆ ಜೇನಿನ ಷಟ್ಕೋನದ ಅಚ್ಚು ಒತ್ತಿದ ತೆಳು ತಗಡು. 1857ರಲ್ಲಿ ಜರ್ಮನಿಯ ಯೋಹಾನೆಸ್ ಮೆಹ್ರಿಂಗ್ ಇದನ್ನು ಮೊದಲು ಮಾಡಿದರು. ಚೌಕಟ್ಟಿನ ತಂತಿಗೆ ಇದನ್ನು ಕೂರಿಸಿದರೆ ಜೇನ್ನೊಣ ಅದರ ಮೇಲೆಯೇ ನೇರವಾಗಿ ಎರಿ ಕಟ್ಟುತ್ತದೆ. ಒಂದು ಕಿಲೊ ಮೇಣ ಸುರಿಸಲು ನೊಣಗಳು ಆರೆಂಟು ಕಿಲೊ ಜೇನು ತಿನ್ನಬೇಕು ಎಂಬುದು ಸಾಮಾನ್ಯ ಲೆಕ್ಕ. ಆದ್ದರಿಂದ ಹಳೇ ಹಾಳೆಯನ್ನು ಎಸೆಯುವುದು ಇಸ್ರಾಫ್ ಎಂದು ಆ ಹಿರಿಯರಿಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಹಾಳೆಯ ವಯಸ್ಸಿಗಿಂತ ಅದು ಎಲ್ಲಿತ್ತು, ಯಾವುದರ ಜೊತೆಯಿತ್ತು ಎಂಬುದು ಮುಖ್ಯ.

ಶುದ್ಧ ಮೇಣ ಹಳತಾದ ಮಾತ್ರಕ್ಕೆ ಕೆಡುವುದಿಲ್ಲ. ಮೇಲೆ ಬೂದಿಯಂಥ ಬಿಳಿ ಪುಡಿ ಕಂಡರೆ ಅನೇಕರು ಬೂಷ್ಟು ಎಂದು ಹೆದರುತ್ತಾರೆ. ಬೆರಳಿಂದ ಉಜ್ಜಿ ನೋಡಿ. ಕೈಯ ಶಾಖಕ್ಕೇ ಮಾಯವಾಗಿ ಜೇನಿನ ಪರಿಮಳ ಬಂದರೆ ಅದು ಮೇಣದ್ದೇ ಹೂವು, ದೋಷವಲ್ಲ. ಮುಗ್ಗಲು ವಾಸನೆ ಬಂದರೆ, ಹಸಿರು ಕಪ್ಪು ಕಲೆಯಿದ್ದರೆ ಬೂಷ್ಟು. ಹಳೇ ಹಾಳೆ ಬಿರುಸಾಗಿ ಮುರಿಯುವುದೂ ಸಹಜ. ಎಳೆ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಪಕ್ಕದಲ್ಲೇ ನಿಂತಿರಿ. ಮೇಣ ಕರಗುವುದು 62ರಿಂದ 65 ಡಿಗ್ರಿಗೆ, ಆದರೆ ಅದಕ್ಕೆ ಬಹಳ ಮೊದಲೇ ಜೋಲು ಬೀಳುತ್ತದೆ.

ನುಸಿ ಗುಳಿಗೆಯ ವಿಷಯ ಬೇರೆ. ನ್ಯಾಫ್ತಲೀನ್ ಕೊಬ್ಬಿನಲ್ಲಿ ಕರಗುವ ವಸ್ತು. ಮೇಣ ಅದನ್ನು ಹೀರಿಕೊಂಡು ಮುಂದೆ ಜೇನಿಗೆ ಬಿಡುತ್ತದೆ. ಜಿ6ಪಿಡಿ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ, ರಕ್ತಹೀನತೆ ತರಬಲ್ಲದು. ಜೇನಿನಲ್ಲಿ ಬರುವ ಪ್ರಮಾಣ ಸಣ್ಣದಿರಬಹುದು. ಆದರೂ ಔಷಧವೆಂದು ನೆಕ್ಕಿಸುವ ವಸ್ತುವಿನಲ್ಲಿ ಅದು ಏಕಿರಬೇಕು? ಅಂಥ ಹಾಳೆ ಪೆಟ್ಟಿಗೆಗೂ ಬೇಡ, ಮುಲಾಮಿಗೂ ಬೇಡ. ಕುದಿಸಿದರೆ ಶುದ್ಧವಾಗುತ್ತದೆ ಎಂದೂ ನಂಬಬೇಡಿ. ಇನ್ನು ಮೇಲೆ ಇಡುವುದಾದರೆ ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಮೇಣದ ಚಿಟ್ಟೆಯ ಭಯವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಹುಳು ಎರಡೂ ಸಾಯುತ್ತವೆ.

ಮರಿ ಬೆಳೆದು ಕಪ್ಪಾದ ಎರಿಯದ್ದು ಮತ್ತೊಂದು ಕಥೆ. ಪ್ರತಿ ಮರಿಯೂ ಕೋಣೆಯಲ್ಲಿ ತನ್ನ ಪೊರೆ ಬಿಟ್ಟು ಹೋಗುತ್ತದೆ. ಎರಡು ಮೂರು ವರ್ಷಕ್ಕೆ ಅದನ್ನು ತೆಗೆದು ಹೊಸ ಹಾಳೆ ಕೊಡುವುದು ಒಳ್ಳೆಯದು. ರೋಗದಿಂದ ಬರಿದಾದ ಪೆಟ್ಟಿಗೆಯ ಎರಿಯನ್ನಂತೂ ಆರೋಗ್ಯದ ಪೆಟ್ಟಿಗೆಗೆ ಕೊಡಲೇಬೇಡಿ. 1991-92ರ ಸುಮಾರಿಗೆ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ನಮ್ಮ ರಾಜ್ಯದ ತುಡುವೆ ಜೇನಿನ ಬಹುಪಾಲನ್ನು ಅಳಿಸಿದ್ದನ್ನು ಹಳಬರು ಮರೆತಿಲ್ಲ. ಅಮೆರಿಕನ್ ಫೌಲ್ ಬ್ರೂಡ್ ಎಂಬ ಮರಿರೋಗದ ಬೀಜಾಣುವಂತೂ ಎರಿಯಲ್ಲಿ ದಶಕಗಳ ಕಾಲ ಬದುಕಿರುತ್ತದೆ, ನೀರು ಕುದಿಯುವ ಶಾಖಕ್ಕೂ ಜಗ್ಗುವುದಿಲ್ಲ. ಇವು ಮನುಷ್ಯರಿಗೆ ಅಂಟುವ ರೋಗಗಳಲ್ಲ, ಆದರೆ ನೆರೆಯವನ ಪೆಟ್ಟಿಗೆಯನ್ನೂ ಬರಿದು ಮಾಡುತ್ತವೆ. ಹಾಳೆ ಕೊಳ್ಳುವಾಗ ತುಡುವೆಗೋ ಮೆಲ್ಲಿಫೆರಾಗೋ ಎಂದು ಹೇಳಿ ಕೊಳ್ಳಿ. ತುಡುವೆಯ ಕೋಣೆ ಚಿಕ್ಕದು.

ಮೇಣ ಕರಗಿಸುವಾಗ ನೇರ ಉರಿಯ ಮೇಲಿಡಬೇಡಿ, ಹೊತ್ತಿಕೊಳ್ಳುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸ್ಟೀಲ್ ಪಾತ್ರೆಯಿಡಿ, ಬಟ್ಟೆಯಲ್ಲಿ ಸೋಸಿ. ಅಡುಗೆಯ ಪಾತ್ರೆ ಬೇಡ, ಆಮೇಲೆ ತೊಳೆಯುವವರ ಶಾಪ ತಟ್ಟುತ್ತದೆ.

ಜೇನಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕುರ್‌ಆನಿನ 16ನೇ ಅಧ್ಯಾಯಕ್ಕೆ ಜೇನ್ನೊಣದ್ದೇ ಹೆಸರು, ಜೇನಿನಲ್ಲಿ ಶಿಫಾ ಇದೆಯೆಂಬುದು ನಮ್ಮ ವಿಶ್ವಾಸ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ. ಎಷ್ಟೇ ಅಸಲಿ ಜೇನಿನಲ್ಲೂ ಬಾಟ್ಯುಲಿಸಂ ರೋಗದ ಬೀಜಾಣು ಇರಬಹುದು. ಸೋಸಿದರೆ ಹೋಗದು, ಮೂಸಿದರೆ ತಿಳಿಯದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಕೂಸಿನ ಕರುಳು ತಡೆಯುವುದಿಲ್ಲ. ತಹ್ನೀಕ್‌ಗೆ ಖರ್ಜೂರವಿದೆ, ಅದೂ ಬೆರಳ ತುದಿಯ ಲೇಪದಷ್ಟು, ಕೆಮ್ಮು ನೆಗಡಿ ಇಲ್ಲದವರ ಕೈಯಿಂದ.

ಆ ಹಿರಿಯರ ಕಟ್ಟಿನ ತಳದಲ್ಲಿ ಬಿಚ್ಚದ ಇನ್ನೊಂದು ಪೊಟ್ಟಣವಿತ್ತು, ಅಟ್ಟದ ಮೇಲೆ ಡಬ್ಬದಲ್ಲಿದ್ದದ್ದು. ಬಿಳಿ ಹೂವು ಹಿಡಿದಿತ್ತು, ಗುಳಿಗೆಯ ವಾಸನೆ ಇರಲಿಲ್ಲ. ಅದನ್ನು ಬಿಸಿಲಿಗೆ ಹಿಡಿದು ಮೊಮ್ಮಗನಿಗೆ ಕೊಡಿ ಎಂದೆ. ಮಿಕ್ಕಿದ್ದನ್ನು ತಿರುಗಿ ಕಟ್ಟಿಕೊಟ್ಟೆ.