ಮನದ ಕಳವಳ, ಮೈಯ ಬಾಧೆ

ದಂಪತಿಗಳೇ,

ಮಳೆ ತಡವಾದಾಗ, ಸಾಲದ ಕಂತು ಸಮೀಪಿಸಿದಾಗ, ಮಗುವಿಗೆ ಜ್ವರ ಬಂದಾಗ ಚಿಂತೆಯುಂಟಾಗುವುದು ಸಹಜ. ಕಾರಣ ಕಳೆದೊಡನೆ ಅದೂ ಕಳೆಯುತ್ತದೆ. ಆದರೆ ಕಾರಣ ಕಳೆದ ಮೇಲೂ ಕಳವಳವು ತಿಂಗಳುಗಟ್ಟಲೆ ಉಳಿದು, ನಿದ್ರೆಯನ್ನೂ ಕೆಲಸವನ್ನೂ ಕೆಡಿಸಿದರೆ ಅದನ್ನು ಕಾಯಿಲೆಯೆಂದು ತಿಳಿಯಬೇಕು.

ಹಾವನ್ನು ಕಂಡೊಡನೆ ಎದೆ ಬಡಿದುಕೊಳ್ಳುವುದೇಕೆ? ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತವೆ. ಆಗ ಹೃದಯ ವೇಗವಾಗಿ ಬಡಿಯುತ್ತದೆ, ಉಸಿರಾಟ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಕುಗ್ಗುತ್ತದೆ. ಓಡಿ ಪಾರಾಗಲು ಇದು ನೆರವು. ಆತಂಕದ ಕಾಯಿಲೆಯಲ್ಲಿ ಹಾವಿಲ್ಲದಿದ್ದರೂ ದೇಹವು ಹೀಗೆಯೇ ವರ್ತಿಸುತ್ತದೆ. ಅದರಿಂದ ಮೈಯಲ್ಲಿ ತಲೆನೋವು, ನಡುಕ, ಅಜೀರ್ಣ, ಆಯಾಸಗಳೂ ಮನಸ್ಸಿನಲ್ಲಿ ಭಯ, ಸಿಡುಕು, ಮರೆವುಗಳೂ ತಲೆದೋರುತ್ತವೆ.

ಇದು ದೆವ್ವದ ಗಾಳಿಯಲ್ಲ, ಸೋಗೂ ಅಲ್ಲ. ಗಂಡನಾಗಲಿ ಹೆಂಡತಿಯಾಗಲಿ "ಏನೂ ಇಲ್ಲ, ಸುಮ್ಮನಿರು" ಎಂದು ಗದರಿಸಬಾರದು. ಬಳಿ ಕುಳಿತು ಆಲಿಸಬೇಕು. ಮದ್ಯಪಾನದಿಂದ ಕಳವಳ ಕ್ಷಣಕಾಲ ತಗ್ಗಿದಂತೆ ತೋರಿದರೂ ಮುಂದೆ ಹೆಚ್ಚುತ್ತದೆ.

ಇಬ್ಬರೂ ಕೂಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ರಕ್ತಹೀನತೆ, ಥೈರಾಯಿಡ್ ದೋಷಗಳಿಂದಲೂ ಎದೆಬಡಿತ ಹೆಚ್ಚಬಹುದಾದ್ದರಿಂದ ಪರೀಕ್ಷೆ ಅಗತ್ಯ. ಎದೆನೋವು ಬಂದರಂತೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಆಪ್ತಸಮಾಲೋಚನೆಯಿಂದಲೂ ಔಷಧಗಳಿಂದಲೂ ಈ ಕಾಯಿಲೆ ಹತೋಟಿಗೆ ಬರುತ್ತದೆ. ಔಷಧವು ಫಲ ನೀಡಲು ಕೆಲವು ವಾರಗಳು ಬೇಕಾಗಬಹುದು; ವೈದ್ಯರನ್ನು ಕೇಳದೆ ನಿಲ್ಲಿಸಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಜ್ವರಕ್ಕೆ ಮದ್ದು ಕೇಳಲು ನಾಚದವರು ಇದಕ್ಕೂ ನಾಚಬೇಕಾಗಿಲ್ಲ.